ನಿಧಾನವಾಗುವ ಕಾಲು

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್ ಟಿಕ್. ಮೀನಾಕ್ಷಿ ಕಣ್ಣು ತೆರೆಯದೆಯೇ ಕೇಳಿಸಿಕೊಂಡಳು. ಮೊದಲು ಹಲ್ಲಿ ಅಂದುಕೊಂಡಳು. ಆದರೆ ಹಲ್ಲಿ ಲೊಚಗುಟ್ಟುವುದು ಒದ್ದೆಯಾಗಿರುತ್ತದೆ, ಇದು ಒಣ ಸದ್ದು. ಫ್ಯಾನಿನ ರೆಕ್ಕೆ ಎಲ್ಲಿಗಾದರೂ ತಗಲುತ್ತಿದೆಯೇನೋ ಎಂದು ಕತ್ತಲಲ್ಲೇ ಮೇಲೆ ನೋಡಿದಳು. ಸದ್ದು ಒಳಕೋಣೆಯಿಂದ ಬರುತ್ತಿತ್ತು, ಪರದೆಯ ಆಚೆ ಅಣ್ಣನ ಮಗಳು ಉಚ್ಚಂಗಿ ಮಲಗಿದ್ದ ಕಡೆಯಿಂದ. ಉಗುರು ಯಾವುದೋ ಲೋಹಕ್ಕೆ ತಾಗುವ ಸದ್ದು. ಬೆಳಗಾದರೆ ಕಾನೂನು ಓದಿನ ಪ್ರವೇಶ ಪರೀಕ್ಷೆ, ಹುಡುಗಿಗೆ ನಿದ್ದೆ ಬಂದಿಲ್ಲ, ಭಯಕ್ಕೆ ಬೆರಳು ಆಡಿಸುತ್ತಿದ್ದಾಳೆ. ಎದ್ದು ಹೋಗಿ ಹಣೆ ಸವರಿ ಮಲಗಿಸಬೇಕೆಂದು ಮೀನಾಕ್ಷಿಯ ಮೈ ಅರ್ಧ ಎದ್ದಿತು, ಮತ್ತೆ ಚಾಪೆಗೆ ಒರಗಿತು. ಹೋದರೆ ಏನಾದರೂ ಹೇಳಿಬಿಟ್ಟೇನೆಂಬ ಹೆದರಿಕೆ. ಸಂಜೆಯಿಂದ ಆ ಮಾತು ಬಾಯೊಳಗೇ ಕೂತಿತ್ತು, ಹೊಲಿಯುವಾಗ ತುಟಿಯಲ್ಲಿ ಕಚ್ಚಿಕೊಂಡ ಗುಂಡುಸೂಜಿಯ ಹಾಗೆ. ಗಂಡ ಹಂಪೇಶ್ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿಗೆ ಹೋಗಿದ್ದ. ಅವನಿದ್ದಿದ್ದರೆ ಎಬ್ಬಿಸಿ ಹೇಳಬಹುದಿತ್ತು. ಏನಂತ ಹೇಳುವುದು? ನನ್ನ ಕಾಲು ನಿಧಾನವಾಗುತ್ತದೆ ಅಂತಲೆ?

ಸಂಜೆ ಆದದ್ದು ಇಷ್ಟೇ. ಕೌಲ್ ಬಜಾರಿನ ಆ ಮನೆಯ ಮುಂದಿನ ಕೋಣೆಯಲ್ಲಿ ಎಂದಿನ ಹಾಗೆ ಮೀನಾಕ್ಷಿ ಮಿಷನ್ನಿನ ಮುಂದೆ ಕೂತು ಜೀನ್ಸ್ ಪ್ಯಾಂಟಿನ ಒಳಸಾಲು ಹೊಲಿಯುತ್ತಿದ್ದಳು. ಎದುರು ಮನೆಯ ಮಂಜಮ್ಮ ನೆಲದ ಮೇಲೆ ಕಾಲು ಚಾಚಿ, ಹೊಲಿದು ಬಿದ್ದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಉಚ್ಚಂಗಿ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಮಿಷನ್ನಿನ ಹಲಗೆಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದ ಹಳೆಯ ಪ್ರಶ್ನೆಪತ್ರಿಕೆಯನ್ನು ಮೀನಾಕ್ಷಿ ಒಂದು ಸಲ ಕಣ್ಣಾಡಿಸಿ, ಹಿಂದಿನ ಪುಟದಲ್ಲಿ ಉತ್ತರ ಯಾವುದೆಂದು ನೋಡಿಕೊಂಡು, ಪ್ರಶ್ನೆಯನ್ನು ಓದಿ ಹೇಳುವಳು. ಆಮೇಲೆ ಪೆಡಲಿನ ಮೇಲೆ ಕಾಲಿಟ್ಟು ಮೋಟಾರು ಓಡಿಸುತ್ತಾ, ಆ ಸದ್ದಿನ ಮೇಲೆಯೇ, ನಾಲ್ಕು ಉತ್ತರಗಳನ್ನು ಒಂದಾದ ಮೇಲೊಂದು ಹೇಳುವಳು. ಯಾವುದು ಸರಿ ಎಂದು ಉಚ್ಚಂಗಿ ಹೇಳಬೇಕು. ಹೊಲಿಗೆಯೂ ಸಾಗಬೇಕು, ಓದೂ ಸಾಗಬೇಕು. ವರ್ಷಗಳಿಂದ ನಡೆದು ಬಂದ ಕ್ರಮ. ಓದುಬರಹದ ಗೊಡವೆಯಿಲ್ಲದ ಮಂಜಮ್ಮನಿಗೆ ಇಂಗ್ಲಿಷ್ ಎಂದರೆ ಪ್ಯಾಂಟಿನ ಮೇಲಿನ ಲೇಬಲ್ಲು ಮಾತ್ರ. ಮನೆಯಲ್ಲಿ ಆಡುವುದು ತೆಲುಗು, ಬೀದಿಯಲ್ಲಿ ಕನ್ನಡ, ಬೈಯುವುದಕ್ಕೆ ಎರಡೂ. ಕತ್ತರಿ ನಿಲ್ಲಿಸಿ ಆಕೆ ಇದ್ದಕ್ಕಿದ್ದಂತೆ, "ತಡಿಯೇ ಹುಡುಗಿ, ಈ ಸಲದ್ದು ನಾ ಹೇಳ್ತೀನಿ. ಮೂರನೇದು!" ಎಂದಳು.

ಸರಿಯಾಗಿತ್ತು. ಮೂವರೂ ನಕ್ಕರು. "ಇನ್ನೊಂದು ಓದು ನೋಡಾನ," ಎಂದು ಮಂಜಮ್ಮ ಸೆರಗು ಬಿಗಿದು ಕೂತಳು. ಮೀನಾಕ್ಷಿ ಓದಿದಳು. "ಒಂದನೇದು." ಅದೂ ಸರಿ. ಮತ್ತೊಂದು. ಅದೂ. "ಅಬ್ಬೋ, ಏನವ್ವಾ ಇದು! ಇಷ್ಟು ಸಸಾರ ಐತೇನು ವಕೀಲಿ? ನಾಳಿಗೆ ನನ್ನ ಕರ್ಕೊಂಡು ಹೋಗು ಮೀನಾಕ್ಷಮ್ಮ. ಈಕಿ ಮನ್ಯಾಗ ದಾರ ಕತ್ತರಿಸ್ಲಿ, ನಾ ಕರೇ ಕೋಟು ಹಾಕ್ಕೊಂಡು ನನ್ನ ಗಂಡನ ಮ್ಯಾಲೆ ಮೊದಲ್ನೇ ಕೇಸು ಹಾಕ್ತೀನಿ." ಮಂಜಮ್ಮ ತನ್ನ ಅದೃಷ್ಟಕ್ಕೆ ತಾನೇ ಬೆರಗಾಗಿ, ಚಪ್ಪಾಳೆ ತಟ್ಟಿಕೊಂಡು ನಕ್ಕಳು. ಉಚ್ಚಂಗಿ ಮಾತ್ರ "ಚಾ ಇಡ್ತೀನಿ" ಎಂದು ಎದ್ದು ಅಡುಗೆಮನೆಗೆ ಹೋದಳು. ಮೀನಾಕ್ಷಿಯ ನಗು ಮುಖದ ಮೇಲೆ ಹಾಗೇ ನಿಂತಿತ್ತು, ಅದರ ಒಳಗಿದ್ದದ್ದು ಜಾರಿ ಹೋಗಿತ್ತು. ಮುಂದಿನ ಪ್ರಶ್ನೆಯ ಉತ್ತರಗಳನ್ನು ಮೆಲ್ಲಗೆ ತನಗೆ ತಾನೇ ಹೇಳಿಕೊಳ್ಳುತ್ತಾ, ಈ ಸಲ ಬಾಯಿಯ ಬದಲು ಕಾಲನ್ನು ಗಮನಿಸುತ್ತಾ ಹೊಲಿದಳು. ಮೊದಲನೆಯದಕ್ಕೆ ಮೋಟಾರು ಒಂದೇ ಓಟ ಓಡಿತು. ಎರಡನೆಯದು ಬಾಯಿಗೆ ಬರುತ್ತಿದ್ದಂತೆ ಕಾಲ ಹೆಬ್ಬೆರಳು ತಾನಾಗಿಯೇ ಸಡಿಲವಾಯಿತು. ಸೂಜಿ ಒಂದೆರಡು ಹೊಲಿಗೆ ನಿಧಾನವಾಗಿ ಇಳಿದು ಏರಿತು. ಮತ್ತೆ ಓಟ. ಉತ್ತರ ಎರಡನೆಯದೇ ಆಗಿತ್ತು. ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಲಿಗೆಯಲ್ಲಿ ಏನೂ ಕಾಣುತ್ತಿರಲಿಲ್ಲ.

ಹಾಗಾದರೆ ಆ ಅಂಕಗಳೆಲ್ಲ? ಉಚ್ಚಂಗಿ ಮನೆಯಲ್ಲಿ ಬರೆದ ಪ್ರತಿ ಅಭ್ಯಾಸ ಪರೀಕ್ಷೆಯಲ್ಲೂ ತೊಂಬತ್ತರ ಆಸುಪಾಸು ಬರುತ್ತಿತ್ತಲ್ಲ, ಅವು ಯಾರವು? ಚಾ ತಂದುಕೊಟ್ಟ ಹುಡುಗಿಯ ಮುಖವನ್ನು ಮೀನಾಕ್ಷಿ ನೋಡಲಾರದೆ ಲೋಟವನ್ನೇ ನೋಡಿದಳು. ನಾಳೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳುವವಳು ಬೇರೆ ಯಾರೋ. ಅವಳಿಗೆ ಉತ್ತರ ಗೊತ್ತಿರುವುದಿಲ್ಲ. ಅವಳ ಕಾಲ ಕೆಳಗೆ ಪೆಡಲೂ ಇರುವುದಿಲ್ಲ. ಬೇಸಿಗೆಯ ಸಂಜೆ ನೆಲಕ್ಕೆ ಚಿಮುಕಿಸಿದ ನೀರು ಆಗಲೇ ಆರಿತ್ತು. ಟಿಕ್ ಟಿಕ್ ಎಂದು ಈಗ ಒಳಕೋಣೆಯಿಂದ ಮತ್ತೆ ಬಂತು, ನಡುವೆ ಒಂದು ದೊಡ್ಡ ಬಿಡುವು, ಮತ್ತೆ ಟಿಕ್. ಆ ಬಿಡುವುಗಳಲ್ಲಿ ಮೀನಾಕ್ಷಿ ಉಸಿರು ಹಿಡಿದು ಕಾಯುತ್ತಿದ್ದಳು. ಇಷ್ಟು ವರ್ಷ ಎಲ್ಲವನ್ನೂ ಗಮನಿಸುವವಳೆಂದು ಹೆಸರು ತನಗೆ. ಹಾಲು ಉಕ್ಕುವ ಮೊದಲೇ ಏಳುವವಳು, ಹಂಪೇಶನ ಬೂಟಿನ ಸಪ್ಪಳದಲ್ಲೇ ಅವನಿಗೆ ತಲೆನೋವೆಂದು ತಿಳಿಯುವವಳು. ತನ್ನ ಕಾಲನ್ನೇ ಗಮನಿಸಿರಲಿಲ್ಲ.

ಉಚ್ಚಂಗಿ ಮೀನಾಕ್ಷಿಯ ಅಣ್ಣ ಚಿದಾನಂದಪ್ಪನ ಮಗಳು. ಸಿರುಗುಪ್ಪದ ಕಡೆಯ ಕರೂರಿನಲ್ಲಿ ಗದ್ದೆಯ ನಡುವೆ ಬೆಳೆದ ಹುಡುಗಿ. ಎಂಟನೇ ತರಗತಿಗೆ ಬಳ್ಳಾರಿಗೆ, ಅತ್ತೆಯ ಮನೆಗೆ ಬಂದಳು. ಅದಕ್ಕೆ ಮೊದಲು ಊರ ಸಾಲೆಯಲ್ಲಿ ಅವಳ ಹೆಸರು ದಡ್ಡಿ ಎಂದೇ ಆಗಿತ್ತು. ಆದರೆ ಕಾಲುವೆಯ ನೀರಿನ ಸರದಿಗೆ ಜಗಳವಾದ ರಾತ್ರಿ ಯಾರು ಯಾರು ಏನೇನು ವಾದ ಮಾಡಿದರೆಂದು ಮರುದಿನ ಒಂದು ಮಾತು ತಪ್ಪದೆ ಹೇಳಬಲ್ಲವಳು ಅವಳೊಬ್ಬಳೇ. ಮೇಲುಗಡೆಯವನ ವಾದವನ್ನೂ ಹೇಳುವಳು, ಕೆಳಗಡೆಯವನದನ್ನೂ ಹೇಳುವಳು, ಕೊನೆಗೆ "ಇಬ್ರೂ ಸುಳ್ಳು ಹೇಳ್ತಾರ" ಎಂದೂ ಹೇಳುವಳು. ಇದು ಕಲಿಕೆಯ ನ್ಯೂನತೆ, ದಡ್ಡತನವಲ್ಲ ಎಂದು ಒಬ್ಬ ವೈದ್ಯೆ ಹೇಳಿ ಸರ್ಟಿಫಿಕೇಟು ಕೊಡುವ ಹೊತ್ತಿಗೆ ಅವಳು ಹತ್ತನೇ ತರಗತಿಯಲ್ಲಿದ್ದಳು. "ಅಕ್ಷರ ಹೆಂಗ ಕಾಣ್ತಾವವ್ವ ನಿನಗ?" ಎಂದು ಚಿದಾನಂದಪ್ಪ ಒಮ್ಮೆ, ಮಗಳ ಕಣ್ಣೊಳಗೇ ಇಣುಕುವವನ ಹಾಗೆ ಬಾಗಿ ಕೇಳಿದ್ದ. "ಕಾಣ್ತಾವಪ್ಪ. ಮದುವ್ಯಾಗ ಸಿಕ್ಕ ಬೀಗರಂಗ. ಮಾರಿ ಗೊತ್ತು, ಹೆಸರು ಬಾಯಿಗೆ ಬರೂದಿಲ್ಲ. ಅಷ್ಟರಾಗ ಹಿಂದಿನವ್ರು ಬಂದು ಕೈ ಮುಗೀತಾರ." ಅಣ್ಣ ಗಟ್ಟಿಯಾಗಿ ನಕ್ಕಿದ್ದ, ನಕ್ಕು ಮುಖ ಒರೆಸಿಕೊಂಡಿದ್ದ. ಓದಿ ಹೇಳಿದ್ದು ಅವಳ ಕಿವಿಯಿಂದ ಹೊರಗೆ ಹೋಗುತ್ತಿರಲಿಲ್ಲ. ಆದ್ದರಿಂದ ಮೀನಾಕ್ಷಿ ಓದಿದಳು. ಇತಿಹಾಸ, ಅರ್ಥಶಾಸ್ತ್ರ, ಕೊನೆಗೆ ಈ ಇಂಗ್ಲಿಷಿನ ಉದ್ದುದ್ದ ಪ್ಯಾಸೇಜುಗಳು. ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡಿದ್ದ ಅವಳ ಗಂಟಲಿಗೆ ಮದುವೆಯಾದ ಮೇಲೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಓದುವಾಗ ತನ್ನ ದನಿಯನ್ನು ತಾನೇ ಕೇಳಿ ಸುಖಪಡುತ್ತಿದ್ದೆನೇ? ಹುಡುಗಿಯ ಕೈಗೆ ಪುಸ್ತಕ ಕೊಟ್ಟು "ನೀನೇ ಒಂದು ಸಾಲು ಓದು" ಎಂದು ಎಷ್ಟು ಸಲ ಹೇಳಿದ್ದೆ? ನೆನಪಿಗೆ ಬರಲಿಲ್ಲ. ಸದ್ದು ನಿಂತಿತ್ತು. ಯಾವಾಗ ನಿಂತಿತೆಂದು ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಹಂಪೇಶ್ ಪಾಳಿ ಮುಗಿಸಿ ಬಂದವನು ಬೂಟು ಬಿಚ್ಚುತ್ತಲೇ, "ಏನವ್ವಾ ಲಾಯರಮ್ಮಾ, ರೆಡಿ ಏನು? ನಮ್ಮ ಪ್ಲಾಂಟಿನ ಬೂದಿ ಕುಡ್ದು ಕುಡ್ದು ನನ್ನ ಕೆಮ್ಮು ಹಿಂಗಾಗೈತಿ, ನೀ ಪಾಸಾದ ಮ್ಯಾಲೆ ಮೊದಲು ನನ್ನ ಕೇಸು ನೋಡು," ಎಂದ. "ಫೀಸು ಕೊಡ್ತೀಯಾ ಮಾಮಾ?" "ನಿಮ್ಮ ಅತ್ತಿನ್ನ ಕೊಡ್ತೀನಿ, ಇಟ್ಕೊ." "ಆಕಿ ಆಗ್ಲೇ ನಂದು," ಎಂದಳು ಉಚ್ಚಂಗಿ, ತಟ್ಟೆಯಲ್ಲಿನ ಮಂಡಕ್ಕಿ ಒಗ್ಗರಣೆಯಿಂದ ಹಸಿಮೆಣಸಿನಕಾಯಿ ಹೆಕ್ಕಿ ಅತ್ತೆಯ ತಟ್ಟೆಗೆ ಹಾಕುತ್ತಾ. ಮೀನಾಕ್ಷಿಗೆ ಖಾರ ಪ್ರೀತಿ. ಹುಡುಗಿ ದಿನವೂ ಹೀಗೆ ಮಾಡುತ್ತಾಳೆ. ಇವತ್ತು ಆ ಮೆಣಸಿನಕಾಯಿಯನ್ನು ಅವಳು ತಟ್ಟೆಯ ಅಂಚಿಗೆ ಸರಿಸಿದಳು. ಇವರಿಬ್ಬರೂ ಇಷ್ಟು ಹಗುರಾಗಿ ನಗುತ್ತಿದ್ದಾರೆ. ಈಗಲೇ ಹೇಳಿಬಿಡಲೇ? ಉಚ್ಚಂಗಿ, ನಿನಗೆ ಬರುತ್ತಿದ್ದ ಅಂಕ ನಿನ್ನವಲ್ಲ. ಹೇಳಿದರೆ ಒಳಗೆ ಹೋಗುವ ಮೊದಲೇ ಬೀಳುತ್ತಾಳೆ; ಹೇಳದಿದ್ದರೆ ಒಳಗೆ ಹೋಗಿ ಬೀಳುತ್ತಾಳೆ. "ಒಂದು ಸಲ ಬರೀಲಿ," ಎಂದಿದ್ದ ಅಣ್ಣ. "ಸೀಟು ಸಿಕ್ಕರ ಓದಸೋಣ. ಸಿಗಲಿಲ್ಲಂದ್ರ ಊರಿಗೆ ಕಳಸು, ಅವ್ರವ್ವ ಎರಡು ಮೂರು ಕಡಿಂದ ಸಂಬಂಧ ಬಂದಾವ ಅಂತಾಳ." ಅವನು ಕೆಟ್ಟವನಲ್ಲ. ಮಗಳಿಗೆ ಬರುವ ಅಂಕ ನಂಬಿ ಇಷ್ಟು ದೂರ ಬಂದವನು.

ಕಂಟೋನ್ಮೆಂಟಿನ ಅಗಲವಾದ ರಸ್ತೆಗಳಲ್ಲಿ ಆಟೋ ಹೋಗುವಾಗ ಉಚ್ಚಂಗಿ ಹೊರಗೆ ಬಾಗಿ ಅಂಗಡಿಯ ಬೋರ್ಡುಗಳನ್ನು ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು. ಮೀನಾಕ್ಷಿ ಅದನ್ನು ನೋಡಿ ಪ್ರಾರ್ಥನೆ ಎಂದುಕೊಂಡಳು. ಪರೀಕ್ಷೆಯ ಕಾಲೇಜಿನ ಗೇಟಿನಲ್ಲಿ ಎಲ್ಲರಿಗೂ ಒಂದು ಸಾಲು, ಸರ್ಟಿಫಿಕೇಟು ಇದ್ದವರಿಗೆ ಪಕ್ಕದಲ್ಲಿ ಒಂದು ಮೇಜು. ಆ ಮೇಜಿನವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಏನಾಗೈತ್ರಿ ಈಕಿಗೆ? ಕಣ್ಣು?" "ಕಣ್ಣು ಸರಿ ಅದಾವ ಸರ್." "ಕೈ?" "ಕೈನೂ…" ಎಂದು ಮೀನಾಕ್ಷಿ ತೊದಲಿದಳು, ಹಿಂದಿನ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ಹುಡುಗಿಯ ಮೈಮೇಲೆ ಕುಂದು ಹುಡುಕುತ್ತಿದ್ದರು. "ನೋಡಿದ್ರ ಶಾಣೇಕಿ ಇದ್ದಂಗ ಕಾಣ್ತಾಳ," ಎಂದ ಅವನು. "ಶಾಣೇಕಿನೇ ಅದೀನ್ರಿ," ಎಂದಳು ಉಚ್ಚಂಗಿ, "ಓದಾಕ ತಡ ಆಗ್ತೈತಿ, ಅಷ್ಟ." ಅವನಿಗೆ ನಗು ಬಂತು, ಮುದ್ರೆ ಒತ್ತಿದ. ಹಿಂದಿನಿಂದ ಒಬ್ಬ ಹೆಂಗಸು ತನ್ನ ಗಂಡನಿಗೆ, ಕೇಳಲಿ ಎಂದೇ, "ನಮ್ಮುಡುಗಗೂ ಒಂದು ಮಾಡಸಬೇಕಿತ್ತು ನೋಡ್ರಿ, ಟೈಮು ಜಾಸ್ತಿ ಸಿಗ್ತಿತ್ತು," ಎಂದಳು. ಮೀನಾಕ್ಷಿಯ ಕಿವಿ ಬಿಸಿಯಾಯಿತು. ಬೇರೆ ದಿನವಾಗಿದ್ದರೆ ತಿರುಗಿ ನಾಲ್ಕು ಮಾತು ಹೇಳುತ್ತಿದ್ದಳೋ ಏನೋ. ಇವತ್ತು ಆ ಹೆಂಗಸು ಹೇಳಿದ್ದರಲ್ಲಿ ತನಗೆ ಸಲ್ಲಬೇಕಾದದ್ದು ಏನೋ ಇದೆ ಎನಿಸಿ ಮುದ್ರೆ ಬಿದ್ದ ಕಾಗದವನ್ನು ಮಡಚಿ ಉಚ್ಚಂಗಿಯ ಕೈಗೆ ಕೊಟ್ಟಳು.

ಓದಿ ಹೇಳಲು, ಹೇಳಿದ್ದನ್ನು ಗುರುತು ಹಾಕಲು ಗೊತ್ತುಮಾಡಿದ್ದ ಹುಡುಗಿ ಮೇಜಿನ ಆಚೆ ನಿಂತಿದ್ದಳು. ಅನಿತಾ ಎಂದು ಹೆಸರು, ಕುರುಗೋಡಿನವಳು, ಮೊದಲ ಪಿಯುಸಿ. ಬೆಳಗಿನ ಮೊದಲ ಬಸ್ಸಿಗೆ ಬಂದದ್ದಂತೆ. ಕೂದಲು ಇನ್ನೂ ಒದ್ದೆ, ಬೆನ್ನಿನ ಮೇಲೆ ಕುರ್ತಾಕ್ಕೆ ಅಂಟಿಕೊಂಡಿತ್ತು. "ಏನಾರ ತಿಂದಿಯೇನವ್ವ?" "ಇಲ್ರಿ ಆಂಟಿ. ಹೆದರಿಕಿಗೆ ಹೋಗ್ಲಿಲ್ಲ." "ಬರಿಯಾಕಿ ಆಕಿ, ನಿನಗ್ಯಾಕ ಹೆದರಿಕಿ?" "ನಾ ತಪ್ಪು ಓದಿದ್ರ?" ಎಂದಳು ಅನಿತಾ, ಕಣ್ಣು ದೊಡ್ಡದು ಮಾಡಿ. ಮೀನಾಕ್ಷಿಗೆ ಆ ಮಗುವಿನ ಮೇಲೆ ಮಮತೆಯೂ ಹೊಟ್ಟೆಕಿಚ್ಚೂ ಒಟ್ಟಿಗೆ ಬಂದವು. ನಿಧಾನಕ್ಕೆ ಓದು, ಒಂದೊಂದು ಉತ್ತರಕ್ಕೂ ನಡುವೆ ಉಸಿರು ತಗೊ, ಅವಳು ಹುಬ್ಬು ಗಂಟಿಕ್ಕಿದರೆ ಮತ್ತೊಮ್ಮೆ ಓದು ಎಂದೆಲ್ಲ ಹೇಳಬೇಕಿತ್ತು. ಒಂದು ಕ್ಷಣ ಇನ್ನೂ ಏನನ್ನೋ ಹೇಳಲು ಬಾಯಿ ಹೋಯಿತು, ಸರಿ ಅನಿಸಿದ ಕಡೆ ಸ್ವಲ್ಪ… ಥೂ, ಏನು ಯೋಚನೆ ಇದು! ಅಷ್ಟರಲ್ಲಿ ಮೇಜಿನವನು "ಅವ್ರ ಕೂಡ ಮಾತಾಡಂಗಿಲ್ಲಮ್ಮ, ಈ ಕಡಿ ಬರ್ರಿ" ಎಂದು ಕೈ ಬೀಸಿದ. ಉಚ್ಚಂಗಿ ತಿರುಗಿ ನೋಡದೆ ಹೋದಳು. ಮೆಟ್ಟಿಲ ಹತ್ತಿರ ಹೋದ ಮೇಲೆ ತಿರುಗಿ, ಬಲಗೈಯ ಬೆರಳುಗಳನ್ನು ಗಾಳಿಯಲ್ಲಿ ಒಮ್ಮೆ ಆಡಿಸಿ ತೋರಿಸಿದಳು. ಅದರ ಅರ್ಥ ಮೀನಾಕ್ಷಿಗೆ ತಿಳಿಯಲಿಲ್ಲ. ಕೈ ಎತ್ತಿದಳು.

ಕಾಂಪೌಂಡಿನ ಬೇವಿನ ಮರದ ಕೆಳಗೆ ತಾಯಿತಂದೆಯರು ಪೇಪರು ಹಾಸಿಕೊಂಡು ಕೂತಿದ್ದರು. ಮೀನಾಕ್ಷಿ ಬೇರಿನ ಮೇಲೆ ಕೂತಳು. ಬೆರಳ ಸಂದಿಯಲ್ಲಿ ಜೀನ್ಸ್ ಬಟ್ಟೆಯ ನೀಲಿ. ಎಷ್ಟು ತಿಕ್ಕಿದರೂ ಹೋಗದು, ಅಂಗೈ ಮುಚ್ಚಿಕೊಂಡಳು. ಗಂಟೆ ಬಾರಿಸಿತು. ಈಗ ಪತ್ರಿಕೆ ಕೊಟ್ಟಿರುತ್ತಾರೆ. ಈಗ ಅನಿತಾ ಮೊದಲ ಪ್ಯಾಸೇಜು ಓದುತ್ತಿರುತ್ತಾಳೆ, ಬಸ್ಸಿನ ಬೋರ್ಡು ಓದುವ ಹಾಗೆ, ಎಲ್ಲವನ್ನೂ ಒಂದೇ ಎತ್ತರದಲ್ಲಿ. ಉಚ್ಚಂಗಿ ಕಿವಿ ಕೊಟ್ಟು ಕಾಯುತ್ತಿರುತ್ತಾಳೆ, ಎಲ್ಲೋ ಒಂದು ಕಡೆ ದನಿ ಸಡಿಲವಾದೀತೆಂದು. ಆಗುವುದಿಲ್ಲ. ನಾಲ್ಕೂ ಉತ್ತರಗಳು ನಾಲ್ಕು ಕಲ್ಲುಗಳ ಹಾಗೆ ಬಂದು ಬೀಳುತ್ತವೆ. ಆಗ ಅವಳಿಗೆ ತಿಳಿಯುತ್ತದೆ. ತಿಳಿದಾಗ ಅವಳ ಮುಖ ಹೇಗಾದೀತು ಎಂದು ಕಣ್ಣ ಮುಂದೆ ತಂದುಕೊಳ್ಳಲು ಹೋಗಿ, ಎಂಟನೇ ತರಗತಿಯ ಉಚ್ಚಂಗಿ ಕಂಡಳು, ಸೂಟ್‌ಕೇಸು ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ನಿಂತವಳು. "ಅತ್ತಿ, ಇಲ್ಲಿ ಬಸ್ಸು ಹೆಂಗ ಗುರ್ತು ಹಿಡೀತಾರ?" "ಬೋರ್ಡು ನೋಡಿ." "ಓದಾಕ ಬರದಿದ್ರ?" "ಯಾರನ್ನಾರ ಕೇಳಬೇಕು." "ಅವ್ರಿಗೂ ಗೊತ್ತಿರ್ಲಿಲ್ಲಂದ್ರ?" ಮೀನಾಕ್ಷಿ ಏನು ಉತ್ತರ ಕೊಟ್ಟಿದ್ದಳು? ನಾನದೀನಲ್ಲ, ಎಂದಿದ್ದಳು. ಮರದ ಬುಡದಲ್ಲಿ ಧೂಳು ಎದ್ದಾಗ ನೋಡಿಕೊಂಡಳು; ಅವಳ ಬಲಗಾಲ ಹೆಬ್ಬೆರಳು ಚಪ್ಪಲಿಯನ್ನು ನೆಲಕ್ಕೆ ಒತ್ತುತ್ತಿತ್ತು, ಬಿಡುತ್ತಿತ್ತು. ಎಡಗಾಲಿನಿಂದ ಅದನ್ನು ಮೆಟ್ಟಿ ಹಿಡಿದಳು.

ಫೋನು ಬಂತು. ಹಿನ್ನೆಲೆಯಲ್ಲಿ ಲೋಟಗಳ ಸದ್ದು. ಅಣ್ಣ ಕರೂರಿನ ಚಾದಂಗಡಿಯಲ್ಲಿದ್ದ. "ಮೀನಾ, ಒಳಗ ಹೋದ್ಲಾ? ಅಳಲಿಲ್ಲ ಹೌದಿಲ್ಲೋ? ಇಲ್ಲಿ ಎಲ್ಲರಿಗೂ ಹೇಳೀನಿ ನೋಡು, ತೊಂಬತ್ತಕ್ಕ ಕಡಿಮಿ ಬಂದದ್ದ ಇಲ್ಲ ನಮ್ಮುಡುಗಿಗೆ ಅಂತ. ಈ ಕೆಂಚಣ್ಣ ನಂಬವಲ್ಲ. ತಡಿ, ನೀನ ಹೇಳು ಇವ್ನಿಗೆ." "ಅಣ್ಣಾ, ಈಗ ಬ್ಯಾಡ." "ಅಯ್ಯೋ ಒಂದು ಮಾತು ಹೇಳು ಅಂದ್ರ…" ಕೆಂಚಣ್ಣನ ದನಿ ಬಂತು: "ಏನವ್ವಾ ತಂಗಿ, ಖರೇನಾ?" ಅವಳು ಮರದ ತೊಗಟೆಯನ್ನು ಉಗುರಿನಿಂದ ಕೆರೆದಳು. "ಶಾಣೇಕಿ ಅದಾಳಣ್ಣ ಆಕಿ," ಎಂದಳು. ಅದು ಸುಳ್ಳಲ್ಲ. ಫೋನು ಇಟ್ಟ ಮೇಲೂ ಆ ಮಾತನ್ನು ತಿರುತಿರುಗಿಸಿ ನೋಡಿದಳು, ಎಲ್ಲೂ ಸುಳ್ಳು ಸಿಗಲಿಲ್ಲ. ಆದರೂ ಮೈ ಬೆವರಿತ್ತು.

ಅವಧಿ ಮುಗಿದ ಗಂಟೆಗೆ ಹುಡುಗರು ಹುಡುಗಿಯರು ದಡದಡ ಹೊರಬಂದರು. ನಗು, ಅಳು, ಪ್ರಶ್ನೆಪತ್ರಿಕೆಯ ಬೀಸಣಿಗೆ. ಮರದ ನೆರಳು ಖಾಲಿಯಾಯಿತು. ಬೆಳಗಿನ ಆ ಹೆಂಗಸು ಮಗನ ಬೆನ್ನ ಮೇಲೆ ಕೈಯಿಟ್ಟು ಹೋಗುವಾಗ ನಿಂತು, "ನಿಮ್ಮಾಕಿ ಇನ್ನೂ ಒಳಗೇನ್ರಿ?" ಎಂದಳು. ಈಗ ಅವಳ ದನಿಯಲ್ಲಿ ಮೊನಚಿರಲಿಲ್ಲ. ಮಗ ಚೆನ್ನಾಗಿ ಬರೆದಿರಲಿಲ್ಲವೆಂದು ಕಾಣುತ್ತದೆ, ಅವನ ಕಣ್ಣು ಕೆಂಪಾಗಿತ್ತು. "ಹೂಂ ರಿ, ಇನ್ನೂ ಒಳಗ," ಎಂದಳು ಮೀನಾಕ್ಷಿ. "ಕುಂತ್ಕೊಳ್ರಿ ಹಂಗಾರ, ಬಿಸ್ಲು ಭಾಳ ಐತಿ," ಎಂದು ಅವಳು ತಾನು ಹಾಸಿಕೊಂಡಿದ್ದ ಪೇಪರನ್ನು ಇವಳ ಕಡೆ ಸರಿಸಿ ಹೋದಳು. ಕಾಲೇಜು ಸದ್ದಿಲ್ಲದಾಯಿತು. ಆ ಕಟ್ಟಡದ ಎಷ್ಟೋ ಕಿಟಕಿಗಳಲ್ಲಿ ಯಾವುದೋ ಒಂದರ ಹಿಂದೆ ಹೆಚ್ಚುವರಿ ಸಮಯದಲ್ಲಿ ತನ್ನ ಹುಡುಗಿ ಕೂತಿದ್ದಾಳೆ. ಮೀನಾಕ್ಷಿ ಕಿವಿಗೊಟ್ಟಳು. ದೂರದಲ್ಲೆಲ್ಲೋ ನೀರೆತ್ತುವ ಮೋಟಾರು ಒಂದೇ ಸಮ ಓಡುತ್ತಿತ್ತು.

ಉಚ್ಚಂಗಿ ಬಂದಳು, ಅಳುತ್ತಿರಲಿಲ್ಲ. ಮುಷ್ಟಿಯಲ್ಲಿ ಏನನ್ನೋ ಹಿಡಿದಿದ್ದಳು. ಹಿಂದೆ ಅನಿತಾ, ಮುಖ ಬಾಡಿತ್ತು. "ಮೊದ್ಲು ಈಕಿಗೆ ಏನಾರ ತಿನ್ನಾಕ ಕೊಡಸು ಅತ್ತಿ, ಬೀಳ್ತಾಳ," ಎಂದಳು ಉಚ್ಚಂಗಿ. ಗೇಟಿನ ಹೊರಗಿನ ತಳ್ಳುಗಾಡಿಯಲ್ಲಿ ಬಿಸಿ ಮಿರ್ಚಿ ಬಜ್ಜಿ, ಮಂಡಕ್ಕಿ. ಅನಿತಾ ಗಬಗಬನೆ ತಿಂದಳು, ನಾಲಗೆ ಸುಟ್ಟುಕೊಂಡಳು, ಮತ್ತೆ ತಿಂದಳು. ಮೀನಾಕ್ಷಿ, ಹೇಗಾಯಿತೆಂದು ಕೇಳುವ ಧೈರ್ಯ ಬರಲಿ ಎಂದು ಬಜ್ಜಿಯ ತೊಟ್ಟು ಮುರಿಯುತ್ತಿದ್ದಳು. ಉಚ್ಚಂಗಿಯೇ ಶುರು ಮಾಡಿದಳು. "ಅತ್ತಿ, ಈಕಿ ಚಲೋ ಓದ್ತಾಳ. ಆದ್ರ ಎಲ್ಲಾ ಒಂದ ನಮೂನಿ. ಮೊದಲ್ನೇ ಪ್ಯಾಸೇಜು ಮುಗೀತು, ನಾ ಈಕಿ ಮಾರಿ ನೋಡೀನಿ, ಏನಾರ ಸಿಗ್ತೈತೇನು ಅಂತ. ಏನೂ ಇರ್ಲಿಲ್ಲ, ಬರೇ ಹಸಿವು." ಅನಿತಾ ಬಾಯಿ ತುಂಬಿಕೊಂಡೇ ನಕ್ಕಳು. "ಯಾಕ ಮಾರಿ ನೋಡಬೇಕು?" ಎಂದಳು ಮೀನಾಕ್ಷಿ, ತನ್ನ ದನಿ ತನಗೇ ಕೇಳಿಸದಷ್ಟು ಸಣ್ಣದಾಗಿ. "ರೂಢಿ ಆಗೈತಲ್ಲ," ಎಂದಳು ಉಚ್ಚಂಗಿ. ತಟ್ಟೆಯ ಅಂಚಿನ ಮಂಡಕ್ಕಿಯನ್ನು ಒಂದೊಂದಾಗಿ ನಡುವಿಗೆ ತಳ್ಳುತ್ತಾ, "ಸರಿ ಉತ್ತರ ಬಂದ್ರ ನಿನ್ನ ಮಿಷನ್ನು ಹಗೂರ ಆಗ್ತೈತಿ ಅತ್ತಿ. ಪಾಪ ಮಂಜಮ್ಮಗ ನಿನ್ನೆ ಸಿಕ್ತು. ನನಗ ದೀಪಾವಳಿಗೇ ಸಿಕ್ಕಿತ್ತು," ಎಂದಳು.

ಮೀನಾಕ್ಷಿ ಗಾಡಿಯ ಕಟ್ಟೆಗೆ ಕೈಯೂರಿದಳು. ಬಾಣಲೆಯಲ್ಲಿ ಎಣ್ಣೆ ಸಿಡಿಯುತ್ತಿತ್ತು. ದೀಪಾವಳಿಯಿಂದ. ಅಂದರೆ ಚಳಿಗಾಲವಿಡೀ, ಈ ಬೇಸಿಗೆಯಿಡೀ. "ಮತ್ಯಾಕ ಹೇಳ್ಲಿಲ್ಲ?" "ಹೆಂಗ ಹೇಳ್ಲಿ? ನಾ ಸರಿ ಹೇಳಿದ ಕೂಡ್ಲೇ ನೀ ಹಲ್ಲಾಗ ದಾರ ಕಡಕೊಂಡು ನಗ್ತಿದ್ದಿ. ಆ ನಗಿ ನೋಡಾಕ ನನಗ ಭಾಳ ಸೇರ್ತೈತಿ." ಹುಡುಗಿ ತಲೆ ಎತ್ತಿದಳು. "ನನಗೂ ಹೆದರಿಕಿ ಆತು ಅತ್ತಿ. ಉತ್ತರ ನಿನ್ನ ಕಾಲಾಗ ಐತಿ, ನನ್ನ ತಲ್ಯಾಗ ಇಲ್ಲ ಅಂತ. ಅದಕ್ಕ ರಾತ್ರಿ ನೀ ಮಲಕೊಂಡ ಮ್ಯಾಲೆ ಹೊದಿಕಿ ಒಳಗ ಟಾರ್ಚ್ ಹಚ್ಚಿ ಅದೇ ಪ್ರಶ್ನಿ ನಾನ ಓದ್ತಿದ್ದೆ. ಸಾಲಿನ ಕೆಳಗ ಸ್ಟೀಲ್ ಸ್ಕೇಲ್ ಇಟ್ಟು, ಒಂದೊಂದು ತುಣಕಿಗೂ ಉಗರು ಬಡದು. ಬಡದ್ರ ಅದು ಓಡಿ ಹೋಗೂದಿಲ್ಲ, ನಿಲ್ತೈತಿ. ಒಂದು ಪ್ಯಾಸೇಜಿಗೆ ಒಂದು ರಾತ್ರಿ ಹಿಡೀತಿತ್ತು ಮೊದ್ಲು." ಟಿಕ್ ಎಂದಿತು ಮೀನಾಕ್ಷಿಯ ಒಳಗೆ. ಹಲ್ಲಿಯಲ್ಲ, ಭಯವಲ್ಲ. ತಾನು ಪರದೆಯ ಈಚೆ ಉಸಿರು ಹಿಡಿದು ಕಾದ ಆ ಬಿಡುವುಗಳು, ಅವಳು ಮುಂದಿನ ತುಣುಕಿನ ಹೆಸರು ನೆನಪಿಸಿಕೊಳ್ಳುತ್ತಿದ್ದ ಹೊತ್ತು.

"ಆಮ್ಯಾಲ ಏನಾತಂದ್ರ ಆಂಟಿ," ಎಂದಳು ಅನಿತಾ, ಹೊಟ್ಟೆ ತುಂಬಿ ಮಾತು ಬಂದು, "ನೀರಿಂದು ಒಂದು ಪ್ಯಾಸೇಜ್ ಬಂತ್ರಿ, ಮ್ಯಾಲಿನ ಹೊಲದಾಂವ ಕಾಲುವಿ ಕಟ್ಟಿ ಕೆಳಗಿನಾಂವಗ ನೀರು ಬಿಡಲ್ಲ ಅಂತ. ಅಕ್ಕ ನನ್ನ ಕೈಲಿಂದ ಪೇಪರ್ ಕಸ್ಕೊಂಡ್ರು. ಓದಬ್ಯಾಡ, ಸುಮ್ನಿರು ಅಂದ್ರು. ಬೆಂಚಿನ ಮ್ಯಾಲೆ ಉಗರು ಬಡ್ಯಾಕ ಚಾಲೂ ಮಾಡಿದ್ರು. ಮೇಡಂ ಓಡಿ ಬಂದ್ರು. ಏನದು ಸದ್ದು, ಯಾರಿಗೆ ಸನ್ನಿ ಮಾಡಾಕತ್ತೀರಿ ಅಂತ." "ನಾ ಅಂದೆ, ಓದಾಕತ್ತೀನ್ರಿ ಮೇಡಂ," ಎಂದಳು ಉಚ್ಚಂಗಿ. "ಆಕಿ ನಿಂತು ನೋಡಿದ್ಲು. ಭಾಳ ಹೊತ್ತು ನೋಡಿದ್ಲು. ಆಮ್ಯಾಲ ತನ್ನ ಕರ್ಚೀಫು ಮಡಚಿ ನನ್ನ ಬೆರಳ ಕೆಳಗ ಇಟ್ಲು. ಸದ್ದಾಗಬಾರದು, ಓದವ್ವ ಅಂದ್ಲು." ಮುಷ್ಟಿ ಬಿಚ್ಚಿದಳು. ಹಳದಿ ಹೂವಿನ ಒಂದು ಕರ್ಚೀಫು, ಬೆವರಿಗೆ ಮುದುಡಿತ್ತು. "ವಾಪಸ್ ಕೊಡೂದ ಮರ್ತೆ."

ಬೆರಳಿಟ್ಟು ಓದಿದ್ದಕ್ಕೆ ಹೊತ್ತು ಹೋಯಿತು. ಉಳಿದವನ್ನೂ ಅವಳು ಹಾಗೆಯೇ ಓದಿದಳು, ಕಷ್ಟದ ಸಾಲುಗಳನ್ನು ತಾನು, ಸಸಾರದವನ್ನು ಅನಿತಾ. ಕೊನೆಯ ಪ್ಯಾಸೇಜಿನ ಪ್ರಶ್ನೆಗಳು ಅಷ್ಟೂ ಉಳಿದುಹೋದವು. ಯಾವುದಾದರೂ ಒಂದು ಗುರುತು ಹಾಕಲೇ ಎಂದು ಅನಿತಾ ಕೇಳಿದಳಂತೆ, ಬೇಡ ಎಂದಳಂತೆ. "ಸೀಟು ಸಿಗ್ತೈತೋ ಇಲ್ಲೋ ಗೊತ್ತಿಲ್ಲ ಅತ್ತಿ. ತೊಂಬತ್ತಂತೂ ಬರೂದಿಲ್ಲ. ಆದ್ರ ನೀರಿಂದು ಅಷ್ಟೂ ಸರಿ ಐತಿ, ಅದು ನನಗ ಗೊತ್ತೈತಿ. ಯಾರ ಮಾರಿನೂ ನೋಡ್ಲಿಲ್ಲ." ಮೀನಾಕ್ಷಿಗೆ ಅಳು ಬರುತ್ತದೆಯೋ ನಗು ಬರುತ್ತದೆಯೋ ತಿಳಿಯಲಿಲ್ಲ. ಏನೋ ಒಂದು ತೊಡೆಯ ಮೇಲಿಂದ ಎದ್ದು ಹೋದ ಹಾಗೆ, ಆ ಜಾಗ ಇನ್ನೂ ಬೆಚ್ಚಗೆ ಇರುವ ಹಾಗೆ ಅನಿಸಿತು. ಹುಡುಗಿಯ ಕೈಹಿಡಿದು ಬಲಗೈ ತೋರುಬೆರಳನ್ನು ತಿರುಗಿಸಿ ನೋಡಿದಳು. ಉಗುರಿನ ತುದಿ ಸವೆದು ಓರೆಯಾಗಿತ್ತು. ದಿನವೂ ತಟ್ಟೆಗೆ ಮೆಣಸಿನಕಾಯಿ ಹಾಕುವ ಬೆರಳು; ಇಷ್ಟು ದಿನ ಕಂಡಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅನಿತಾಳನ್ನು ಕುರುಗೋಡಿನ ಬಸ್ಸಿಗೆ ಹತ್ತಿಸಿದರು. ಕಿಟಕಿಯಿಂದ ಆಕೆ "ಅಕ್ಕಾ, ವಕೀಲರಾದ ಮ್ಯಾಲೆ ನನ್ನ ಗುರ್ತು ಇಟ್ಕೊರಿ" ಎಂದು ಕೂಗಿದಳು. ಉಚ್ಚಂಗಿ ಎರಡು ದಿನ ಅಪ್ಪ ಅವ್ವನ ಹತ್ತಿರ ಇದ್ದು ಬರುವವಳು. ಸಾಲಾಗಿ ನಿಂತ ಬಸ್ಸುಗಳ ಮುಂದೆ ಅವಳು ಅತ್ತೆಯನ್ನು ಕೈಯಲ್ಲೇ ತಡೆದು ನಿಲ್ಲಿಸಿ, ತಾನೇ ಒಂದರ ಬೋರ್ಡಿನ ಮುಂದೆ ನಿಂತು, ತೊಡೆಯ ಮೇಲೆ ಬೆರಳು ಬಡಿಯುತ್ತಾ ತುಟಿ ಆಡಿಸಿ, "ಸಿರುಗುಪ್ಪ," ಎಂದಳು. ಆಟೋದಲ್ಲಿ ಅಲುಗಿದ ತುಟಿ ಅದೇ. ಸೀಟು ಹಿಡಿದು ಕೂತ ಮೇಲೆ, "ಅಪ್ಪಗ ಏನು ಹೇಳ್ಲಿ?" ಎಂದು ಕೇಳಿದಳು. ಈ ಸಲ ಅವಳು ಅತ್ತೆಯ ಮುಖವನ್ನು ನೋಡಲಿಲ್ಲ, ಮುಂದಿನ ಸೀಟಿನ ಹಿಂದೆ ಯಾರೋ ಗೀಚಿದ್ದನ್ನು ನೋಡುತ್ತಿದ್ದಳು. "ನಿನಗ ತಿಳಿದದ್ದು ಹೇಳು," ಎಂದಳು ಮೀನಾಕ್ಷಿ. "ಚಂದಾಗಿ ಓದಿ ಬರ್ದೀನಿ ಅಂತೀನಿ." "ಹಂಗ ಹೇಳು."

ಮನೆಗೆ ಬಂದಾಗ ಹಂಪೇಶ್ ಇನ್ನೂ ನಿದ್ದೆಯಲ್ಲಿದ್ದ. ಅವಳ ಚಪ್ಪಲಿಯ ಸಪ್ಪಳಕ್ಕೇ ಕಾದಿದ್ದ ಮಂಜಮ್ಮ ಬೀದಿ ದಾಟಿ ಬಂದು, ಕತ್ತರಿ ತೆಗೆದುಕೊಳ್ಳದೆ ಬರಿಗೈಯಲ್ಲೇ ಕೂತಳು. ಮೀನಾಕ್ಷಿ ನೀರು ಕುಡಿದಳು, ಮಿಷನ್ನಿನ ಮುಂದೆ ಕೂತಳು. ಹಲಗೆಗೆ ಸಿಕ್ಕಿಸಿದ್ದ ಹಳೆಯ ಪತ್ರಿಕೆಯನ್ನು ಕ್ಲಿಪ್ಪು ಸಹಿತ ತೆಗೆದು ಪಕ್ಕಕ್ಕಿಟ್ಟಳು. ನಿನ್ನೆ ಬಿಟ್ಟ ಪ್ಯಾಂಟಿನ ಸಾಲು ಸೂಜಿಯ ಕೆಳಗೆ ಹಾಗೇ ಇತ್ತು. ಅಣ್ಣನ ಫೋನು ಬಂದೇ ಬರುತ್ತದೆ. ಕೆಂಚಣ್ಣನೂ ಪಕ್ಕದಲ್ಲಿ ಇರುತ್ತಾನೆ. ಸಂಜೆ ಹಂಪೇಶ್ ಎದ್ದು ಕೇಳುತ್ತಾನೆ. ದೀಪಾವಳಿಯಿಂದ ಈವರೆಗೆ ಒಂದು ಮಗು ತನಗಾಗಿ ಒಂದು ಗುಟ್ಟನ್ನು ಇಟ್ಟುಕೊಂಡಿತ್ತು, ಹಲ್ಲಲ್ಲಿ ದಾರ ಕಡಿಯುವ ಒಂದು ನಗುವಿಗಾಗಿ. ಆ ಕಾಲಿನ ಮಾತು, ಉಗುರಿನ ಮಾತು, ಖಾಲಿ ಬಿಟ್ಟ ಆ ಪ್ರಶ್ನೆಗಳು, ಹಳದಿ ಹೂವಿನ ಕರ್ಚೀಫು, ಯಾವುದನ್ನು ಎತ್ತಿ ಯಾರ ಕೈಗೆ ಕೊಟ್ಟರೂ ಅದು ಬರೀ ಅಂಕವಾಗಿಬಿಡುತ್ತದೆ.

"ಹೇಳವ್ವ ಮತ್ತ," ಎಂದಳು ಮಂಜಮ್ಮ, ಮಿಷನ್ನಿಗೆ ಮೈ ತಾಗುವಷ್ಟು ಸರಿದು. "ಹೆಂಗ ಬರದ್ಲು? ಭಾಳ ಚಂದ ಬರದ್ಲಾ?"

ಮೀನಾಕ್ಷಿ ಪೆಡಲಿನ ಮೇಲೆ ಕಾಲಿಟ್ಟಳು. ಮೋಟಾರು ಓಡಿತು.

"ಸುಮಾರ ಬರದ್ಲಾ? ಅರ್ಧ ಬಿಟ್ಟು ಬಂದ್ಲಾ? ಅತ್ಲೇನು? ಮಾತಾಡವ್ವ ತಾಯಿ, ಯಾವುದು ಹೇಳು."

ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು ಮೀನಾಕ್ಷಿ. ಹೆಬ್ಬೆರಳನ್ನು ಸಡಿಲ ಬಿಡದೆ, ಮೊಣಕಾಲಿನಿಂದ ಪಾದದವರೆಗಿನ ಆ ಉದ್ದ ಸಾಲನ್ನು ಒಂದೇ ಓಟದಲ್ಲಿ ಹೊಲಿದು ಮುಗಿಸಿ, ಬಾಗಿ ಹಲ್ಲಿನಿಂದ ದಾರ ಕಡಿದಳು.